ದೊರೆ ಕಾಯುವ ಹೆಜ್ಜೆ

ಬಾಗಿಲು ತೆರೆದಾಗ ಅವನು ಅವಳ ಮುಖ ನೋಡಲಿಲ್ಲ. ಹೊಸ್ತಿಲ ಪಕ್ಕದಲ್ಲಿದ್ದ ಬೂಟುಗಳನ್ನು ನೋಡಿದ.

ದಪ್ಪ ಅಟ್ಟೆಯ, ಮೂತಿಗೆ ಕಬ್ಬಿಣ ಕೂರಿಸಿದ ಕೆಲಸದ ಬೂಟುಗಳು. ಎರಡು ವರ್ಷದ ಹಿಂದೆ ಸಿಟ್ಟಿನಲ್ಲಿ ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದಾಗ ಅವನೇ ಬಿಟ್ಟುಹೋದವು. ಈಗ ಅವಕ್ಕೆ ಹೊಸ ಲೇಸು. ಹಿಮ್ಮಡಿ ಒಂದು ಕಡೆಗೆ ಸವೆದಿದೆ. ಅಂಚಿನಲ್ಲಿ ಮೊನ್ನೆ ಮೊನ್ನೆಯ ಕೆಸರು.

ಯಾರೋ ಇವನ್ನು ದಿನವೂ ಹಾಕಿಕೊಳ್ಳುತ್ತಿದ್ದಾರೆ!

ಕೆಳಮನೆಯ ಮುದುಕಿ ಗೇಟಿನಲ್ಲೇ ಹೇಳಿದ್ದಳು. "ಈಗ ಬಂದ್ಯೇನಪ್ಪಾ? ಬೇರೆಯವನು ಬಂದಾಯ್ತು. ದಿನಾ ಸಂಜೆ ಕಾಲು ಎಳ್ಕೊಂಡು ಧಡ್ ಧಡ್ ಅಂತ ಮೆಟ್ಟಿಲು ಹತ್ತುತಾನೆ. ಮುಖ ಮಾತ್ರ ನಾನು ಕಂಡಿಲ್ಲ... ಹೊತ್ತು ಇಳೀತಿದ್ದ ಹಾಗೆ ನನ್ನ ಕಣ್ಣು ಮಂಜು. ಕಿವಿ ಮಾತ್ರ ಗಟ್ಟಿ!"

ಮುದುಕಿಗೆ ಬೇರೆ ಕೆಲಸವಿಲ್ಲ ಎಂದುಕೊಂಡೇ ಅವನು ಮೇಲೆ ಬಂದಿದ್ದ.

"ನನ್ನ ಬೂಟನ್ನೂ ಅವನಿಗೇ ಕೊಟ್ಟುಬಿಟ್ಟಿದ್ದೀಯಾ?"

ಎರಡು ವರ್ಷದ ನಂತರ ಅವನು ಆಡಿದ ಮೊದಲ ಮಾತು.

ಬೆಳಗಿನಿಂದ ಅವಳು ಎಷ್ಟೋ ಮಾತು ಜೋಡಿಸಿಕೊಂಡಿದ್ದಳು. ಕನ್ನಡಿಯ ಮುಂದೆ ನಿಂತು ಕೂದಲು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ್ದಳು. ಎಲ್ಲವೂ ಒಂದೇ ಕ್ಷಣದಲ್ಲಿ ವ್ಯರ್ಥವಾಯಿತು.

"ಒಳಗೆ ಬಾ. ಜಗಳ ಆಡೋಕೆ ಕರೆದಿಲ್ಲ."

ಅವಳ ಬಲಗಾಲಿಗೆ ಪ್ಲಾಸ್ಟರ್. ಗೋಡೆ ಹಿಡಿದು ಕುಂಟುತ್ತ ಹಿಂದೆ ಸರಿದಳು.

"ಕಾಲಿಗೇನಾಯ್ತು?"

"ಬಿದ್ದೆ."

"ಹಿಡ್ಕೊಳ್ಳೋಕೆ ಅವನಿರಲಿಲ್ವಾ?"

"ಇರಲಿಲ್ಲ" ಎಂದಳು. ಅಷ್ಟೇ.

ದೊರೆ ಹೊಸ್ತಿಲಿಗೆ ಗಲ್ಲ ಊರಿ ಮಲಗಿದ್ದ. ಒಂದು ಕಾಲದಲ್ಲಿ ಈ ನಾಯಿ ಅವನ ಬೂಟಿನ ಸದ್ದು ಗೇಟಿನಲ್ಲಿ ಕೇಳಿದರೆ ಕುರ್ಚಿ ಬೀಳಿಸಿಕೊಂಡು ಓಡಿಬರುತ್ತಿತ್ತು. ಈಗ ಮೈಯ ಕಂದು ಬಣ್ಣವೆಲ್ಲ ಬೂದಿಯಾಗಿದೆ. ಕಣ್ಣುಗಳಲ್ಲಿ ಹಾಲಿನ ಪೊರೆ. ಕಿವಿ ಕೇಳುವುದಿಲ್ಲ. ಹೊರಗಿನ ಕಬ್ಬಿಣದ ಮೆಟ್ಟಿಲ ಮೇಲೆ ಯಾರಾದರೂ ನಡೆದರೆ ಹೊಸ್ತಿಲು ಅದುರುತ್ತದೆ. ಆ ಅದುರಾಟದಲ್ಲೇ ದೊರೆಗೆ ಜಗತ್ತು ತಿಳಿಯುವುದು.

ಅವನು ಮಂಡಿಯೂರಿ ಕೈ ಚಾಚಿದ. "ಏನಪ್ಪಾ ದೊರೆ... ನಾನು ಕಣೋ..."

ದೊರೆ ಮೂಸಿದ. ಗುರ್ ಎಂದ. ಗಬಕ್ಕನೆ ಅವನ ಕೈ ಕಚ್ಚಿದ!

ಹಲ್ಲಿಲ್ಲದ ಬಾಯಿ. ನೋವೇ ಆಗಲಿಲ್ಲ. ನೋವಾಗಲಿಲ್ಲ ಎಂಬುದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

"ನಾನು ಊರಿಗೆಲ್ಲ ಹಲ್ಲು ಕಟ್ಟಿಕೊಡ್ತೀನಿ" ಎಂದಳು ಅವಳು, ನಗಲು ಪ್ರಯತ್ನಿಸುತ್ತ. "ಇವನಿಗೊಂದು ಸೆಟ್ ಮಾಡೋಕೆ ಆಗಲಿಲ್ಲ."

ಅವಳು ದಂತದ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಯಾರದೋ ನಗುವನ್ನು ಯಾರಿಗೋ ತಿರುಗಿ ಕೊಡುವ ಕೆಲಸ. ಮಧ್ಯಾಹ್ನ ಓಡೋಡಿ ಮನೆಗೆ ಬಂದು, ದೊರೆಯ ಹೊಟ್ಟೆಯ ಕೆಳಗೆ ಟವೆಲು ಕೊಟ್ಟು ಎತ್ತಿ, ಬಾಲ್ಕನಿಯ ಬಿಸಿಲಿಗೆ ನಡೆಸುತ್ತಿದ್ದಳು. ಬಿಸಿಲು ಸರಿದ ಹಾಗೆ ಅವನ ಚಾಪೆಯನ್ನೂ ಸರಿಸುವಳು. ಮೇಜಿನ ಮೂಲೆಗಳಿಗೆ ಬಟ್ಟೆ ಸುತ್ತಿದ್ದಳು. ನಿದ್ದೆಯಲ್ಲಿ ಅವನು ಕಾಲಾಡಿಸಿದರೆ, 'ಎಲ್ಲಿಗೋ ಓಡುತ್ತಿದ್ದಾನೆ, ಓಡಲಿ' ಎಂದು ಉಸಿರು ಬಿಗಿಹಿಡಿದು ಕೂರುವಳು. ಲ್ಯಾಬಿಗೆ ತಡವಾಗುತ್ತಿತ್ತು. ಬೈಸಿಕೊಳ್ಳುತ್ತಿದ್ದಳು. ಆದರೂ ಆ ಅರ್ಧ ಗಂಟೆಯೇ ಅವಳ ದಿನದ ಇಡೀ ಸುಖ.

"ಊಟ ಬಿಟ್ಟಿದ್ದಾನೆ" ಎಂದಳು. "ನಾನು ಬಿದ್ದಾಗಿನಿಂದ ಹೀಗೇ ಬಾಗಿಲಲ್ಲಿ. ಡಾಕ್ಟರು ಸೂಜಿಯಲ್ಲಿ ನೀರು ಏರಿಸಿದ್ದಾರೆ. ಅವರಾಗೇ ಒಂದು ಮಾತು ಹೇಳಿದ್ರು... ತಿನ್ನದೇ ಇದ್ರೆ ಸುಮ್ಮನೆ ಕಳಿಸಿಕೊಡೋದು ಒಳ್ಳೇದು ಅಂತ."

"ಅದಕ್ಕೆ ನನ್ನನ್ನ ಯಾಕೆ ಕರೆದೆ?"

"ಆ ಬೂಟು ಹಾಕ್ಕೊಂಡು ಕೆಳಗಿನಿಂದ ಮೇಲೆ ಹತ್ತಿ ಬಾ. ಆ ಹೆಜ್ಜೆ ಬಂದ್ರೆ ಮಾತ್ರ ಇವನು ತಿನ್ನೋದು. ಹತ್ತಿ ಬಾ... ಆಮೇಲೆ ಹೋಗು."

ಅವನು ನಿಧಾನವಾಗಿ ಎದ್ದು ನಿಂತ.

"ಅಂದ್ರೆ... ನಾನು ಅವನ ಹಾಗೆ ನಡೀಬೇಕು. ನನ್ನ ಮನೇಲಿ, ನನ್ನ ಬೂಟು ಹಾಕ್ಕೊಂಡು, ಇನ್ನೊಬ್ಬನ ಹಾಗೆ!"

ಅವಳು ಬೂಟುಗಳನ್ನು ಅವನ ಕಡೆ ಸರಿಸಿದಳು.

"ಬೇರೆಯವರಿಗೆ ಹಲ್ಲು ಮಾಡಿ ಮಾಡಿ ಕಚ್ಚೋದು ಮಾತ್ರ ನಿನ್ನ ಹತ್ರ ಉಳಿದಿದೆ ಅಂತ ಅವತ್ತೇ ಹೇಳಿದ್ದೆ. ನಾಯಿಗೂ ಕಲಿಸಿಬಿಟ್ಟಿದ್ದೀಯ. ಒಬ್ಬನನ್ನ ಮರೆತು ಇನ್ನೊಬ್ಬನ ಹಿಂದೆ ಹೋಗೋದೂ ಕಲಿಸಿದ್ದೀಯ."

ಅವಳ ತುಟಿ ಬಿಳಿಚಿತು.

'ಹೇಳಿಬಿಡಲಾ?' ಎನ್ನಿಸಿತು. ಬೇರೆ ಯಾರೂ ಇಲ್ಲ ಎಂದು. ನೀನು ಹೋದ ಮೇಲೆ ಇವನು ಹೀಗೇ ಊಟ ಬಿಟ್ಟು ಬಾಗಿಲು ಕಾದ ಎಂದು. ತಡೆಯಲಾರದೆ ಒಂದು ಸಂಜೆ ನಾನೇ ಬೂಟು ಹಾಕಿಕೊಂಡು ಕೆಳಗಿಳಿದು, ಹತ್ತಿ ಬಂದೆ ಎಂದು. ಇವನು ಎದ್ದು, ಬಾಲ ಬಡಿದು, ನಾನು ನೀನೇ ಎಂದು ನಂಬಿ ತಿಂದ ಎಂದು. ಅವತ್ತಿನಿಂದ ಪ್ರತಿ ಸಂಜೆ ಲ್ಯಾಬಿನಿಂದ ಬಂದು, ಮತ್ತೆ ಇಳಿದು, ನೀನಾಗಿ ಹತ್ತುತ್ತಿದ್ದೆ ಎಂದು...

ಆದರೆ 'ನೀನು ಬಂದರೂ ನನಗೆ ಗೊತ್ತಾಗಲ್ಲ, ಹೋದರೂ ಗೊತ್ತಾಗಲ್ಲ' ಎಂದು ಅವನ ಮುಖದ ಮೇಲೆ ಎಸೆದು ಕಳಿಸಿದವಳು ಅವಳೇ. ಲಿಫ್ಟ್ ರಿಪೇರಿ ಅವನ ಕೆಲಸ. ಎಲ್ಲೋ ಕೆಟ್ಟು ನಿಂತ ಲಿಫ್ಟಿನೊಳಗಿಂದ ಜನರನ್ನು ಬಿಡಿಸಿ ತಡವಾಗಿ ಮನೆಗೆ ಬಂದ ಗಂಡನಿಗೆ ಹೇಳಿದ ಮಾತು ಅದು. ಈಗ ಯಾವ ಬಾಯಿಂದ ಹೇಳುವುದು?

"ನಡೆದು ತೋರಿಸು" ಎಂದಳು. "ಬೈಯೋದು ಆಮೇಲೂ ಬೈಯಬಹುದು."

ಅವನು ಬೂಟುಗಳನ್ನು ಕೈಯಲ್ಲಿ ಹಿಡಿದು ಇಳಿದುಹೋದ.

ಅವಳು ದೊರೆಯ ಪಕ್ಕದಲ್ಲಿ ನೆಲಕ್ಕೆ ಕುಳಿತಳು. ಕೆಳಗಿನಿಂದ ಸದ್ದಿಲ್ಲ. ತುಂಬ ಹೊತ್ತು ಸದ್ದಿಲ್ಲ.

ಹೊರಟೇಹೋದನಾ?

ಆಮೇಲೆ ಮೆಟ್ಟಿಲು ಅದುರಿತು. ಧಡ್, ಧಡ್, ಧಡ್. ಒಂದೇ ಸಮನಾದ, ಭಾರವಾದ ಹೆಜ್ಜೆ. ಅವಳ ಎದೆಗೆ ಆ ನಡಿಗೆ ಚೆನ್ನಾಗಿ ಗೊತ್ತಿತ್ತು! ಎಂಟು ವರ್ಷ ಅವಳು ಅಡುಗೆಮನೆಯಿಂದ ಕಿವಿಗೊಟ್ಟು ಕೇಳಿದ್ದ ನಡಿಗೆ. ಅಯ್ಯೋ... ಬಂದದ್ದು ಗೊತ್ತಾಗಲ್ಲ ಎಂದಿದ್ದೆನಲ್ಲ!

ದೊರೆ ಒಮ್ಮೆ ತಲೆಯೆತ್ತಿದ. ಮತ್ತೆ ಹೊಸ್ತಿಲಿಗೆ ಗಲ್ಲ ಇಟ್ಟ.

ಇದಲ್ಲ. ಅವನು ಕಾಯುತ್ತಿದ್ದದ್ದು ಇದನ್ನಲ್ಲ.

ಬಾಗಿಲಲ್ಲಿ ನಿಂತವನ ಕೈಯಲ್ಲಿ ಮುದ್ದೆ ಮಾಡಿದ ಹಸಿರು ಉಣ್ಣೆಯ ಬಟ್ಟೆಯಿತ್ತು. ಅವಳ ಹಳೆಯ ಸ್ವೆಟರಿನ ತೋಳು. ಬೂಟು ಕಾಲಿಗೆ ನಿಲ್ಲಲೆಂದು ಮೂತಿಯಲ್ಲಿ ಅವಳೇ ತುರುಕಿದ್ದು. ತೆಗೆಯಲು ಮರೆತಿದ್ದಳು.

"ಅವನ ಕಾಲು ಇಷ್ಟು ಚಿಕ್ಕದಾ?" ಎಂದು ಕೇಳಿದ.

ಅವಳು ಮುಖ ತಿರುಗಿಸಿದಳು.

"ಬಿದ್ದದ್ದೂ ಈ ಬೂಟಲ್ಲೇನಾ?"

ಅವಳು ಪ್ಲಾಸ್ಟರಿನ ಕಾಲನ್ನು ಹಿಂದಕ್ಕೆಳೆದುಕೊಂಡಳು.

"ಯಾಕೆ ಹೇಳಲಿಲ್ಲ?"

"ಏನಂತ ಹೇಳಲಿ?" ಅವಳ ದನಿ ಒಡೆಯಿತು. "ಹೋಗು ಅಂದವಳೂ ನಾನೇ, ದಿನಾ ಸಂಜೆ ಕರ್ಕೊಂಡು ಬರ್ತಿದ್ದವಳೂ ನಾನೇ ಅಂತಾನಾ?"

ಅವನು ಮೆಟ್ಟಿಲ ಮೇಲೆ ಕುಳಿತ. ಇಬ್ಬರ ನಡುವೆ ದೊರೆ. ಅವನ ಪಕ್ಕೆ ಏರುವುದು, ಇಳಿಯುವುದು... ಅದನ್ನೇ ಇಬ್ಬರೂ ನೋಡಿದರು.

"ನನ್ನ ಹೆಜ್ಜೆ ಇವನಿಗೆ ಮರೆತೇಹೋಗಿದೆ, ಅಲ್ವಾ?"

"ಮರೆಸಿದ್ದು ನಾನು. ಈಗ ಅವನಿಗೆ ಬೇಕಾಗಿರೋದು ನೀನಲ್ಲ. ನೀನಾಗಿ ಬರ್ತಿದ್ದ ನಾನು."

ಕ್ರೂರವಾದ ಮಾತು. ಆದರೆ ಈ ಸಲ ಅವಳು ನೋಯಿಸಲು ಹೇಳಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು.

ಅವನು ಕಣ್ಣೊರೆಸಿಕೊಂಡು ಎದ್ದ.

"ಹೇಗೆ ನಡೀತಿದ್ದೆ, ಹೇಳಿಕೊಡು."

"ಎರಡೂ ಕಾಲು ಎಳೀಬೇಕು. ಬೂಟು ದೊಡ್ಡದು, ಎತ್ತೋಕೆ ಆಗ್ತಿರಲಿಲ್ಲ. ತಿರುವಿನಲ್ಲಿ ನಿಂತು ಸುಧಾರಿಸ್ಕೋಬೇಕು. ಕೊನೇ ಮೆಟ್ಟಿಲಲ್ಲಿ ಎಡಗಾಲು ತಾಗುತ್ತೆ."

"ನಾನು ಯಾವತ್ತಾದ್ರೂ ಹಾಗೆ ನಡೆದಿದ್ದೀನಾ?"

"ಇಲ್ಲ. ನಿನ್ನ ಹಾಗೆ ನಡೆಯೋದು ನನಗೆ ಬರಲೇ ಇಲ್ಲ."

ಅವನು ಲೇಸು ಸಡಿಲಿಸಿ ಇಳಿದ. ಮೊದಲನೇ ಸಲ ತಪ್ಪಾಯಿತು. ಮೇಲಿನಿಂದ ಅವಳು ಕೂಗಿದಳು: "ಮದುವೆ ಮೆರವಣಿಗೆ ಅಲ್ಲ ಅದು! ನಿಧಾನ! ದಣಿದು ಬಾ!"

"ಏನ್ ಗಲಾಟೆ ಅದು?" ಕೆಳಮನೆಯ ಮುದುಕಿ ಕಿಟಕಿಯಿಂದ ಚೀರಿದಳು. "ಇವತ್ತು ಎಷ್ಟು ಗಂಡಸರು ಹತ್ತುತಾ ಇದ್ದಾರೆ?"

"ಒಬ್ಬನೇ ಅಜ್ಜಿ!" ಎಂದ ಅವನು. "ಮೊದಲಿನಿಂದಲೂ ಒಬ್ಬನೇ!"

ಮತ್ತೆ ಇಳಿದ. ಈ ಸಲ ಕಾಲು ಎಳೆಯುತ್ತ ಬಂದ. ತಿರುವಿನಲ್ಲಿ ನಿಂತಾಗ ಅವನಿಗೆ ಅರ್ಥವಾಯಿತು. ಇಡೀ ದಿನ ಲ್ಯಾಬಿನಲ್ಲಿ ಕತ್ತು ಬಗ್ಗಿಸಿ ದುಡಿದವಳು, ಕತ್ತಲಾಗುವ ಹೊತ್ತಿಗೆ ಈ ಭಾರ ಕಾಲಿಗೆ ಕಟ್ಟಿಕೊಂಡು, ಇಲ್ಲಿ ನಿಂತು ಉಸಿರೆಳೆಯುತ್ತಿದ್ದಳು. ದಿನವೂ. ಅವನು ಒಂದು ಫೋನನ್ನೂ ಮಾಡದ ಆ ಎಲ್ಲ ದಿನಗಳಲ್ಲಿ.

ಹೊಸ್ತಿಲು ಅದುರಿತು.

ದೊರೆಯ ಕಿವಿ ನೆಟ್ಟಗಾಯಿತು! ಮುಂಗಾಲು ಊರಿದ. ಹಿಂಗಾಲು ಜಾರಿತು. ಅವಳು ಟವೆಲು ಕೊಡುವಷ್ಟರಲ್ಲಿ ತಾನೇ ಎದ್ದು ನಿಂತಿದ್ದ, ನಡುಗುತ್ತ, ಬಾಲ ಬಾಗಿಲಿಗೆ ಬಡಿಯುತ್ತ.

ಕೊನೆಯ ಮೆಟ್ಟಿಲಿಗೆ ಎಡಗಾಲು ತಾಗಿತು.

ಅವನು ಒಳಗೆ ಬಂದ. ಈ ಸಲ ದೊರೆ ಅವನ ಕೈ ಮೂಸಲಿಲ್ಲ, ಮುಖದ ಕಡೆ ತಿರುಗಲೂ ಇಲ್ಲ. ಬೂಟನ್ನು ಮೂಸಿದ. ಇಬ್ಬರ ವಾಸನೆಯೂ ಅದರಲ್ಲಿತ್ತು. ಆಮೇಲೆ ದೊಡ್ಡದೊಂದು ನಿಟ್ಟುಸಿರು ಬಿಟ್ಟು, ಅವನ ಪಾದದ ಮೇಲೆ ತಲೆಯಿಟ್ಟು ಮಲಗಿದ.

ಅವಳು ಮೆತ್ತಗೆ ಹಿಸುಕಿದ ಊಟದ ಬಟ್ಟಲು ಸರಿಸಿದಳು. ಬೆರಳಿನಿಂದ ಒಂದು ತುತ್ತು ಬಾಯಿಗಿಟ್ಟಳು. ನೆಕ್ಕಿದ. ಇನ್ನೊಂದು. ಮತ್ತೊಂದು ಅರ್ಧ. ಅಷ್ಟೇ. ನಿದ್ದೆ ಹೋದ.

ಅಷ್ಟಕ್ಕೇ ಅವಳು ಬಿಕ್ಕಿಬಿಕ್ಕಿ ಅತ್ತಳು. ಇದು ಬಹಳ ದಿನ ನಡೆಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅವನು ಅಲುಗಾಡದೆ ನಿಂತ.

"ಫೋನಲ್ಲಿ ನೀನು ದೊರೆ ವಿಷಯ ಅಂದೆ" ಎಂದ ಮೆಲ್ಲಗೆ. "ನಾನು ಬಂದದ್ದು ದೊರೆಗೋಸ್ಕರ ಅಲ್ಲ. ಅಷ್ಟು ಒಳ್ಳೆಯವನಲ್ಲ ನಾನು. ನಿನ್ನ ದನಿ ಕೇಳಿ ಬಂದೆ."

"ಬಂದ ತಕ್ಷಣ ಬೈದೆ."

"ಆ ಇನ್ನೊಬ್ಬನ ಮೇಲೆ ಹೊಟ್ಟೆಕಿಚ್ಚು. ಅಂದ್ರೆ ನಿನ್ನ ಮೇಲೇ, ನಿನಗೋಸ್ಕರ."

ಅವಳು ಅಳುವಿನ ನಡುವೆಯೇ ನಕ್ಕಳು.

"ನಾಳೆ ಸಂಜೆಯೂ ಬರಬೇಕಾ?"

"ಬರಬೇಕು. ಇವನು ಇರೋ ತನಕ."

"ಇವನು... ಆಮೇಲೆ?"

ಅವಳು ಮಲಗಿದ್ದ ದೊರೆಯ ಬೆನ್ನಿನ ಮೇಲೆ ಕೈಯಿಟ್ಟಳು. ಕೈಗೆ ಬರೀ ಮೂಳೆ ಸಿಕ್ಕಿತು, ಬೆಚ್ಚಗೆ.

"ಆಮೇಲೆ ಬಾಗಿಲಲ್ಲಿ ನಾನು ಕಾಯ್ತೀನಿ."



"ಊಟ ಬಿಟ್ಟು ಕಾಯಬೇಡ."

"ಹಾಗಾದ್ರೆ ಬೇಗ ಬಾ."