ಖಾಲಿ ಓಡಿಸಬಾರದ ಮಶಿನ್ನು

ಹೊಸದಾದರೆ ಒಂದು ಲಕ್ಷ ಅರವತ್ತು ಸಾವಿರ. ಗಂಡನನ್ನು ಕಳೆದುಕೊಂಡ ಲಕ್ಷ್ಮೇಶ್ವರದ ಗದಿಗೆವ್ವ ಅವನ ಹಳೆಯ ಮಶಿನ್ನಿಗೆ ಕೇಳಿದ್ದು ಎಂಬತ್ತೈದು. ಹೊಳೆಯಪ್ಪ ಕೊಟ್ಟದ್ದು ನಲವತ್ತು. ಟೆಂಪೋ ಬಾಡಿಗೆ ಎರಡು ಸಾವಿರದ ಇನ್ನೂರು. ಮಶಿನ್ನಿನ ಜೊತೆ ಗದಿಗೆವ್ವ ಪುಕ್ಕಟೆಯಾಗಿ ಕೊಟ್ಟದ್ದು ಎರಡು: ಅಂಗೈಯಗಲದ ಒಂದು ತಾಮ್ರದ ತಗಡು, ಒಂದು ಎಚ್ಚರಿಕೆ. ತಾಮ್ರಕ್ಕೆ ಪೇಟೆಯಲ್ಲಿ ಬೆಲೆಯಿತ್ತು, ಅದನ್ನು ಅಂಗಿಯ ಕಿಸೆಗೆ ಇಳಿಸಿದ. ಎಚ್ಚರಿಕೆಯನ್ನು ಲಕ್ಷ್ಮೇಶ್ವರದಲ್ಲೇ ಬಿಟ್ಟು ಬಂದ.

ಬೆಟಗೇರಿಯಲ್ಲಿ ಹೊಳೆಯಪ್ಪನದು ಬೋರ್ಡು ಬರೆಯುವ ಅಂಗಡಿ. ಅವನ ಬಲಗೈಯ ಅಕ್ಷರಕ್ಕೆ ಗದಗಿನಲ್ಲೆಲ್ಲ ಹೆಸರಿತ್ತು. ಆದರೆ ಈಗಿನ ಮನೆಗಳವರಿಗೆ ಬಣ್ಣದಲ್ಲಿ ಬರೆದ ಹೆಸರು ಬೇಡ, ಸಾಗವಾನಿಯಲ್ಲೋ ಹಿತ್ತಾಳೆಯಲ್ಲೋ ಕೊರೆದದ್ದು ಬೇಕು. ಕಂಪ್ಯೂಟರಿನಲ್ಲಿ ಬರೆದದ್ದನ್ನು ತಾನೇ ಕೊರೆಯುವ ಸಣ್ಣ ಸಿಎನ್‌ಸಿ ಮಶಿನ್ನು ಬರದಿದ್ದರೆ ಅಂಗಡಿಗೆ ಬೀಗವೇ ಗತಿ. ಮಶಿನ್ನಿನ ಬಗ್ಗೆ ಅವನು ಕಲಿತದ್ದು ಮೊಬೈಲಿನ ನಾಲ್ಕು ವಿಡಿಯೋದಿಂದ. ವ್ಯಾಪಾರ ಮಾತ್ರ ಹುಟ್ಟಿನಿಂದಲೇ ಬಂದಿತ್ತು.

ಮಶಿನ್ನು ನೋಡಲು ಹೋದ ದಿನ ಗದಿಗೆವ್ವ ಚಹಾ ತರಲು ಒಳಗೆ ಹೋದಾಗ ಅವನು ಕೊರೆಯುವ ಮೋಟರಿನ ಹಿಂದೆ ಬಲಗೈ ತೂರಿಸಿ, ಕೆಂಪು ವೈರೊಂದನ್ನು ಮೆಲ್ಲಗೆ ಕಿತ್ತಿಟ್ಟ. ಅವಳು ಬಂದು ಹಲಗೆಯ ಮೇಲೊಂದು ತಗಡಿಟ್ಟು ಬಟನ್ ಒತ್ತಿದಾಗ ಮಶಿನ್ನಿನ ತೋಳು ಅದರ ಮೇಲೆ ಅತ್ತಿತ್ತ ಸರಿಯಿತು. ಮೋಟರು ತಿರುಗಲಿಲ್ಲ.

"ಮೋಟರ್ ಸುಟ್ಟೈತ್ರಿ ಅಕ್ಕಾರ."

"ಹೋದ ವಾರ ನಾನ ಹಚ್ಚಿ ನೋಡೇನಲ್ರಿ ತಮ್ಮಾ. ಗಿರ್ರಂತ ತಿರಗತಿತ್ತು."

"ಸುಳ್ಳ ಹೇಳಿದ್ರ ಈ ಕೈ ಸೇದಿ ಒಣಗಿ ಹೋಗ್ಲಿ," ಎಂದು ಹೊಳೆಯಪ್ಪ ಬಲಗೈ ಎತ್ತಿ ಹಿಡಿದ.

ಗದಿಗೆವ್ವ ಆ ಕೈಯನ್ನು ಬಹಳ ಹೊತ್ತು ನೋಡಿದಳು. "ಆತು ಬಿಡ್ರಿ. ನಲವತ್ತ ಕೊಡ್ರಿ," ಎಂದಳು.

ಮಶಿನ್ನು ಟೆಂಪೋ ಏರಿದ ಮೇಲೆ ಸೆರಗಿನ ಮರೆಯಿಂದ ಆ ತಗಡನ್ನು ತೆಗೆದುಕೊಟ್ಟಳು. "ಬರಿ ತೊಟ್ಟಲಾ ತೂಗಬಾರ್ದು. ಬರಿ ಬೀಸೂಕಲ್ಲ ತಿರುವಬಾರ್ದು. ಹಂಗ ಇದನ್ನ ಬರಿ ಓಡಸಬ್ಯಾಡ್ರಿ. ನಮ್ಮನಿಯವ್ರು, ಪುಂಡಲೀಕಪ್ಪನವ್ರು, ಇದರಾಗ ಮಾಟದ ತಗಡ ಕೊರೀತಿದ್ರು. ಮುಂಡರಗಿ, ಶಿರಹಟ್ಟಿ ಕಡೆಯಿಂದ ಮಂದಿ ಬರತಿದ್ರು. ಕೊರದದ್ದು ತಗಡಿನ್ಯಾಗ ಕುಂಡ್ರತೈತಿ. ತಗಡ ಸಿಗಲಿಲ್ಲಂದ್ರ ಮನಷ್ಯಾನ್ನ ಹುಡಕತೈತಿ. ಮೊದಲನೇ ಸಲ ಹಚ್ಚೂಮುಂದ ಇದನ್ನ ಕೆಳಗಿಡ್ರಿ."

"ಮಶಿನ್ನಿಗೂ ಹಸಿವ್ಯಾಗತೈತೇನ್ರಿ ಅಕ್ಕಾರ? ಹಂಗಿದ್ರ ಎರಡು ರೊಟ್ಟಿ ಇಡ್ತೇನ್ರಿ!" ಹೊಳೆಯಪ್ಪ ಹೊಟ್ಟೆ ಹಿಡಿದು ನಕ್ಕ.

ಟೆಂಪೋ ಓಡಿಸುವ ಶಫೀಕ ನಗಲಿಲ್ಲ. ಅವನೂ ಹೊಳೆಯಪ್ಪನೂ ಒಂದೇ ಶಾಲೆಯಲ್ಲಿ ಕಲಿತವರು. ಮುಳಗುಂದ ದಾಟಿದ ಮೇಲೆ ಮೆಲ್ಲಗೆ ಹೇಳಿದ: "ಲೇ ಹೊಳ್ಯಾ, ನಮ್ಮವ್ವಾನೂ ಬರಿ ತೊಟ್ಟಲಾ ಮುಟ್ಟಗೊಡೂದಿಲ್ಲ. ಆ ತಗಡ ಇಡಲೇ. ನಿಂದೇನ್ ಗಂಟ ಹೋಗತೈತಿ?"

"ಗಂಟ ಹೋಗತೈತಿ. ಈ ತಗಡಿನ್ಯಾಗ ಒಬ್ಬ ಡಾಕ್ಟರನ ಹೆಸರ ಕೊರದ್ರ ಎಂಟನೂರು."

ಮರುದಿನ ಮಟಮಟ ಮಧ್ಯಾಹ್ನ. ಬಿಸಿಗಾಳಿಗೂ ಧೂಳಿಗೂ ಅಂಜಿ ಹೊಳೆಯಪ್ಪ ಶಟರನ್ನು ಮೊಣಕಾಲುದ್ದಕ್ಕೆ ಇಳಿಸಿದ್ದ. ಒಳಗೆ ಅರೆಗತ್ತಲು, ಟರ್ಪೆಂಟೈನಿನ ಘಾಟು. ಹಿಂದಿನ ಓಣಿಯಿಂದ ಮಗ್ಗದ ಲಟಪಟ. ಶಫೀಕ ಬಣ್ಣದ ಡಬ್ಬಿಯ ಮೇಲೆ ಕೂತು ಗಿರಮಿಟ್ಟು ತಿನ್ನುತ್ತಿದ್ದ.

ಹೊಸಬರು ಮೊದಲ ಸಲ ಮಶಿನ್ನನ್ನು ಖಾಲಿ ಓಡಿಸಿ ನೋಡಬೇಕು ಎಂದು ನಾಲ್ಕೂ ವಿಡಿಯೋಗಳು ಹೇಳಿದ್ದವು. ಹಲಗೆಯ ಮೇಲೆ ಏನೂ ಇರಬಾರದು, ಮೊನೆ ಎತ್ತರದಲ್ಲಿರಬೇಕು, ಮೋಟರು ಬಂದ್ ಆಗಿರಬೇಕು. ಮೋಟರು ಬಂದ್ ಆಗಿಯೇ ಇತ್ತಲ್ಲ! ಕಿತ್ತ ಕೆಂಪು ವೈರನ್ನು ಅವನಿನ್ನೂ ಸಿಕ್ಕಿಸಿರಲಿಲ್ಲ. ಹೊಸ ಚಿತ್ರ ಬರೆಯಲು ಬರದ ಕಾರಣ ಮಶಿನ್ನಿನ ಮೆಮರಿ ಕಾರ್ಡಿನಲ್ಲಿದ್ದ ಹಳೆಯದನ್ನೇ ಹಚ್ಚಿದ. ಅದರಲ್ಲಿ ಇದ್ದುದು ಒಂದೇ. ಅದಕ್ಕೆ ಹೆಸರಿರಲಿಲ್ಲ.

"ತಗಡ?" ಎಂದ ಶಫೀಕ.

"ಕಿಸೇದಾಗ ತಣ್ಣಗೈತಿ," ಎಂದು ಹೊಳೆಯಪ್ಪ ಬಟನ್ ಒತ್ತಿದ.

ತೋಳು ಸರಿಯಿತು. ಗಾಳಿಯಲ್ಲಿ ಒಂದು ಗೆರೆ ಎಳೆದು ನಿಂತಿತು. ಮತ್ತೊಂದು ಗೆರೆ ಎಳೆಯಿತು. ಹೊಳೆಯಪ್ಪನ ಬಲ ಅಂಗೈ ತುರಿಸಿತು. ಕೆರೆದುಕೊಂಡ. ತೋಳು ಬಾಗಿತು. ಅಂಗೈಯಲ್ಲಿ ತುರಿಕೆಯೂ ಬಾಗಿತು. ಕೈ ತಿರುಗಿಸಿ ನೋಡಿದರೆ ಚರ್ಮದಡಿಯಲ್ಲಿ ಕೆಂಪು ಬಾಸುಂಡೆ. ಮಶಿನ್ನು ಗಾಳಿಯಲ್ಲಿ ಬರೆದದ್ದೇ ಅಲ್ಲಿ ಏಳುತ್ತಿತ್ತು.

ಓಣಿಯ ಮಗ್ಗ ನಿಂತಿತು. ಉಗುರು ಸುಟ್ಟಂಥ ಕಮಟು ವಾಸನೆ ಬಂತು.

"ಬಂದ್ ಮಾಡಲೇ!"

ಬಟನ್ ಒತ್ತಿದ. ನಿಲ್ಲಲಿಲ್ಲ. ಹೊಳೆಯಪ್ಪ ಮತ್ತೆ ಒತ್ತಿದ. ಶಫೀಕ ಎದ್ದು ಗೋಡೆಯ ಮೇನ್ ಸ್ವಿಚ್ಚನ್ನೇ ಇಳಿಸಿದ. ಫ್ಯಾನು ನಿಂತಿತು. ದೀಪ ಆರಿತು. ಮಶಿನ್ನು ನಿಲ್ಲಲಿಲ್ಲ.

ಗಿರ್ರ್‌.

ಮೋಟರು ತಿರುಗತೊಡಗಿತ್ತು. ಕೆಂಪು ವೈರು ಅವನ ಕಣ್ಣೆದುರೇ ನೇತಾಡುತ್ತಿತ್ತು. ಯಾವುದಕ್ಕೂ ತಾಗಿರಲಿಲ್ಲ. ಆದರೂ ತಿರುಗುತ್ತಿತ್ತು. ಗಿರ್ರಂತ.

ಹೊಳೆಯಪ್ಪ ಹಿಂದೆ ಸರಿಯಹೋದ. ಕಾಲು ಸರಿದವು. ಕೈ ಬರಲಿಲ್ಲ. ಬಲಗೈ ತಾನಾಗಿ ಚಾಚಿತು. ಹಲಗೆಯ ಮೇಲೆ ಅಂಗಾತ ಮಲಗಿತು. ತಗಡು ಇರಬೇಕಾದ ಜಾಗದಲ್ಲಿ. ಎಡಗೈಯಿಂದ ಜಗ್ಗಿದ. ಕದಲಲಿಲ್ಲ. ಮೊನೆ ಇಳಿಯಿತು. ಒಂದು ಬೆರಳಷ್ಟು. ಇನ್ನೂ ಅರ್ಧ ಬೆರಳು. ತಾಗಿತು.

"ಯವ್ವಾ!"

"ತಗಡ!" ಶಫೀಕ ಅವನ ಕಿಸೆ ಹರಿದ. ತಾಮ್ರವನ್ನು ಸೆಳೆದು ಅಂಗೈಗೂ ಮೊನೆಗೂ ನಡುವೆ ತುರುಕಿದ. ಮೊನೆ ತಾಮ್ರ ಕಚ್ಚಿತು. ಕಿರುಚಿತು. ಕಿಡಿ ಹಾರಿತು. ಐದಾರು ಅಕ್ಷರ ಕೊರೆದು ತಾನಾಗಿ ಮೇಲೆದ್ದು ನಿಂತಿತು.

ಮಗ್ಗ ಮತ್ತೆ ಲಟಪಟ ಎಂದಿತು.

ಶಟರಿನ ಕೆಳಗಿನ ಬೆಳಕಿಗೆ ಶಫೀಕ ತಗಡನ್ನು ಹಿಡಿದ. "ಮೋಟರ್ ಸುಟ್ಟೈತಿ" ಎಂದು ಕೊರೆದಿತ್ತು. ಅಕ್ಷರ ಕಂಪ್ಯೂಟರಿನದಲ್ಲ, ಹೊಳೆಯಪ್ಪನದೇ. ಕೊನೆಯ ಗುಡಿಸನ್ನು ಬಾಲದಂತೆ ಮೇಲಕ್ಕೆ ತಿರುವುವವನು ಗದಗಿನಲ್ಲಿ ಅವನೊಬ್ಬನೇ.

ಕೈಯಿಂದ ಒಂದು ಹನಿ ರಕ್ತ ಬಂದಿರಲಿಲ್ಲ. ಅಂಗೈ ನಡುವೆ ಮೊನೆ ತಾಗಿದಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆ. ಸಂಜೆಯ ಹೊತ್ತಿಗೆ ಅದು ಬೆರಳುಗಳಿಗೆ ಹಬ್ಬಿತು. ಎರಡು ದಿನದಲ್ಲಿ ಕೈ ಮಣಿಕಟ್ಟಿನವರೆಗೆ ಸುಟ್ಟ ವೈರಿನಂತೆ ಕರ್ರಗೆ ಸುರುಟಿಕೊಂಡಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಸೂಜಿ ಚುಚ್ಚಿ ನೋಡಿದರು. ನರಗಳು ಸತ್ತಿವೆ, ಕಾರಣ ತಿಳಿಯದು ಎಂದರು.

ಮೂರನೆಯ ವಾರ ಹೊಳೆಯಪ್ಪ ಬಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ಹೋದ. ಎಡಗೈಯಿಂದ ನಲವತ್ತೈದು ಸಾವಿರದ ಕಟ್ಟನ್ನು ಗದಿಗೆವ್ವನ ಮುಂದಿಟ್ಟ.

"ನೀವ ಮಾಟ ಮಾಡಿದ್ರೇನ್ರಿ ಅಕ್ಕಾರ?"

"ನನಗ ಮಾಟ ಬರೂದಿಲ್ರಿ. ಆ ದಿನಾ ಚಾ ಸೋಸಾಕತ್ತಿದ್ದೆ. ಅಡಗಿಮನಿ ಕಿಡಕ್ಯಾಗಿಂದ ಮೋಟರ್ ನೆಟ್ಟಗ ಕಾಣತೈತಿ. ನೀವು ವೈರ್ ಕೀಳೂದೂ ನೋಡೇನಿ. ಆಣಿ ಮಾಡೂದೂ ಕೇಳೇನಿ."

"ಹಂಗಾರ ಆವಾಗ್ಲೇ ಯಾಕ ಹೇಳ್ಲಿಲ್ರಿ?"

"ಹೇಳಿದ್ರ ನೀವು ಎದ್ದ ಹೋಗತಿದ್ರಿ. ನಿಮಗಿಂತ ಮುಂಚೆ ಬಂದಾವಾ ಮನಿಯವ್ರ ಲ್ಯಾಪ್‌ಟಾಪ್ ಹೊಡಕೊಂಡ ಹೋದ. ಮುಂದ ಮತ್ತೊಬ್ಬ ಬರತಿದ್ದ. ಗಂಡ ಸತ್ತಾಕಿ ಅಂದ್ರ ಎಲ್ಲಾರಿಗೂ ಸದರ." ಗದಿಗೆವ್ವ ಕಟ್ಟನ್ನು ಎಣಿಸದೆ ತಲೆದಿಂಬಿನ ಕೆಳಗೆ ಸರಿಸಿದಳು. "ತಾಮ್ರ ಕೊಟ್ಟಿದ್ದೆನಲ್ಲ, ಅದು ನಿಮಗ ಉಳಿಯೂ ದಾರಿ. ತಾಮ್ರದ ಬೆಲೆಯ ಆಸೆಗೆ ನೀವು ಅದನ್ನ ಇಡೂದಿಲ್ಲ ಅನ್ನೂದೂ ನನಗ ಗೊತ್ತಿತ್ತು. ಕುಂಡ್ರಿ ತಮ್ಮಾ, ಚಾ ತರ್ತೇನಿ."

ಹೊಳೆಯಪ್ಪ ಕೂರಲಿಲ್ಲ.

ಶಫೀಕ ಕೆಂಪು ವೈರು ಸಿಕ್ಕಿಸಿಕೊಟ್ಟ. ಮಶಿನ್ನು ಈಗಲೂ ಬೆಟಗೇರಿಯಲ್ಲಿ ಓಡುತ್ತದೆ. ಹಲಗೆಯ ಮೇಲೆ ಏನಾದರೂ ಇಡದೆ ಯಾರೂ ಅದನ್ನು ಮುಟ್ಟುವುದಿಲ್ಲ. ಎಂಬತ್ತೈದು ಸಾವಿರ ಪೂರ್ತಿ ಹೋಯಿತು. ಅಂಗಡಿ ಉಳಿಯಿತು. ಬಲಗೈ ಹೋಯಿತು.