ಒಂದು ಕಿಲೋ ಸುಳ್ಳು

"ಎರಡು ಕಿಲೋದ್ದು ಕೊಡಿ."

"ಕೊಡಲ್ಲ."

ಅವಳು ತಲೆಯೆತ್ತಿ ನೋಡಿದಳು. ವ್ಯಾಯಾಮದ ಸಾಮಾನು ಮಾರುವ ಅಂಗಡಿ ಅದು. ಮೇಜಿನ ಹಿಂದೆ ನಿಂತಿದ್ದವನ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

"ಕೊಡಲ್ಲ ಅಂದ್ರೆ? ಅಲಂಕಾರಕ್ಕೆ ಇಟ್ಟಿದ್ದೀರಾ?"

"ಕಾಲಿಗೆ ಭಾರ ಕಟ್ಟೋದು ಯಾತಕ್ಕೆ ಅಂತ ಮೊದಲು ಹೇಳಿ ಮೇಡಂ. ನಡೆಯೋಕಾ, ಓಡೋಕಾ, ಮನೇಲಿ ಮಲಗಿ ಕಾಲೆತ್ತೋಕಾ?"

"ಓಡೋಕೆ!"

"ಹಾಗಾದ್ರೆ ಅರ್ಧ ಕಿಲೋನೂ ಕೊಡಲ್ಲ."

ಅವಳಿಗೆ ಮೈಯೆಲ್ಲ ಉರಿಯಿತು! ಬೀದಿಯವರೆಲ್ಲ 'ಟೈಲರಮ್ಮ' ಎಂದು ಕರೆಯುವ ಅವಳ ಮುಂದೆ ಅಳತೆ ವಿಷಯದಲ್ಲಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಇವನ್ಯಾರು?

"ನೋಡಿ, ಇನ್ನು ಆರು ವಾರಕ್ಕೆ ಅಗ್ನಿಶಾಮಕ ದಳದ ಓಟದ ಪರೀಕ್ಷೆ ಇದೆ. ನಾಲ್ಕು ಸುತ್ತು, ಎಂಟು ನಿಮಿಷ. ಎರಡು ಸಲ ಕೂದಲೆಳೆಯಲ್ಲಿ ತಪ್ಪಿದೆ. ಇದಾದ ಮೇಲೆ ನನಗೆ ವಯಸ್ಸು ಮೀರುತ್ತೆ. ಭಾರ ಕಟ್ಕೊಂಡು ಓಡಿ ಅಭ್ಯಾಸ ಮಾಡಿದ್ರೆ, ಬಿಚ್ಚಿದ ದಿನ ಹಕ್ಕಿ ಥರ ಹಾರ್ತೀನಿ. ಇಲ್ಲಿ ಸಿಗದಿದ್ರೆ ಬೇರೆ ಅಂಗಡಿ ಇಲ್ವಾ?"

ಮೂರು ವರ್ಷದ ಹಿಂದೆ ಅವರ ಮನೆಯ ಕೆಳಗಿನ ಗೋದಾಮಿಗೆ ಬೆಂಕಿ ಬಿದ್ದಾಗ, ಹೆಲ್ಮೆಟ್ ಹಾಕಿದ್ದ ಒಬ್ಬಳು ಹೆಂಗಸು ಅವಳ ಅಮ್ಮನನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲಿಳಿದಿದ್ದಳು. ಆವತ್ತಿನಿಂದ ಟೈಲರಮ್ಮನಿಗೆ ಬೇರೆ ಕನಸೇ ಇಲ್ಲ. ಅದನ್ನು ಇವನಿಗೆ ಯಾಕೆ ಹೇಳಬೇಕು?

ಅವನು ಕಪ್ಪು ಪಟ್ಟಿಗಳ ಒಂದು ಜೋಡಿ ತೆಗೆದ.

"ಇದು ತೆಗೆದುಕೊಳ್ಳಿ. ಒಂದೊಂದರಲ್ಲೂ ಐದು ಜೇಬಿದೆ. ಒಂದು ಜೇಬಿಗೆ ಇನ್ನೂರು ಗ್ರಾಂ ಕಬ್ಬಿಣದ ಹರಳಿನ ಚೀಲ. ಈಗ ಒಂದೇ ಹಾಕ್ತೀನಿ. ಪ್ರತಿ ಸೋಮವಾರ ಬನ್ನಿ, ಒಂದೊಂದು ಸೇರಿಸ್ತೀನಿ. ಓಡುವಾಗ ಬಿಚ್ಚಿಡೋದು ಒಳ್ಳೇದು. ಆದ್ರೆ ನೀವು ಕೇಳೋ ಪೈಕಿ ಅಲ್ಲ ಅನ್ಸುತ್ತೆ."

"ಅಲ್ಲ."

ಅವನು ನೆಲಕ್ಕೆ ಕೂತು ಪಟ್ಟಿ ಸುತ್ತಿದ. ಕೂರುವಾಗ ಬಲಗಾಲನ್ನು ಮಡಚದೆ ಪಕ್ಕಕ್ಕೆ ಚಾಚಿಕೊಂಡ.

"ಒಂದು ಬೆರಳು ನುಸುಳೋಷ್ಟು ಸಡಿಲ ಇರಬೇಕು. ಜಾರಿದ್ರೆ ಚರ್ಮ ಸವೆಯುತ್ತೆ, ಬಿಗಿದ್ರೆ ಕಾಲು ಜೋಮು ಹಿಡಿಯುತ್ತೆ."

ಆ ಒಂದು ಬೆರಳು ತಾಗಿದ್ದೇ ತಡ, ಅವಳ ಎದೆ ಯಾಕೋ ಢವಢವ ಅಂದಿತು. 'ಛೀ... ಮುಂಜಾನೆ ಏನೂ ತಿಂದಿಲ್ಲ, ಅದಕ್ಕೇ!' ಎಂದು ತನಗೇ ಸಮಜಾಯಿಷಿ ಹೇಳಿಕೊಂಡಳು.

*

ಆ ಮೊದಲ ದಿನವೂ ಸೇರಿ ಐದು ಸೋಮವಾರ ಹೋದಳು. ಚೀಲ ಸೇರಿಸಲು ಎರಡು ನಿಮಿಷ ಸಾಕು. ಅವಳು ಮುಕ್ಕಾಲು ಗಂಟೆ ಇರುತ್ತಿದ್ದಳು!

ಒಮ್ಮೆ ಅವನ ಅಂಗಿಯ ತೋಳು ಹರಿದಿದ್ದು ಕಂಡು, "ಬಿಚ್ಚಿ ಕೊಡಿ, ಹೊಲಿದು ತರ್ತೀನಿ" ಎಂದಳು.

"ಈಗಲೇನಾ? ಅಂಗಡೀಲಿ?"

ಇಬ್ಬರೂ ಕಿವಿಯವರೆಗೆ ಕೆಂಪಾದರು. ಅಂಗಿ ಹರಿದೇ ಉಳಿಯಿತು.

ಅಮ್ಮನಿಗೆ ಎಲ್ಲ ಗೊತ್ತಾಗುತ್ತಿತ್ತು.

"ಕಾಲಿಗೆ ಕಟ್ಟೋದನ್ನ ಆರಿಸೋಕೆ ವಾರವಾರ ಹೋಗ್ತೀಯ. ಕೈ ಹಿಡಿಯೋನನ್ನ ಆರಿಸು ಅಂದ್ರೆ ಅರ್ಧ ದಿನ ಸಿಗಲ್ಲ ನಿನಗೆ!"

"ಅಮ್ಮಾ! ಅವರು ಭಾರ ಸೇರಿಸ್ತಾರೆ, ಅಷ್ಟೇ."

"ಸೇರಿಸ್ತಿದ್ದಾನೆ, ಕಾಣ್ತಿದೆ. ಎದೆ ಮೇಲೆ."

ಅವಳಿಗೆ ತನ್ನ ಮೇಲೇ ಹೆಮ್ಮೆ. ವಾರವಾರ ಭಾರ ಏರುತ್ತಿದೆ, ಆದರೆ ಕಾಲು ಹಗುರವಾಗೇ ಇದೆ! ಕಡೆಯ ವಾರ ಒಂದೊಂದು ಕಾಲಿಗೆ ಒಂದು ಕಿಲೋ ಕಟ್ಟಿಕೊಂಡು ಎಂಟು ನಿಮಿಷ ಹತ್ತು ಸೆಕೆಂಡಿನಲ್ಲಿ ಮುಗಿಸಿದಳು.

'ಬಿಚ್ಚಿ ಓಡಿದ್ರೆ ಏಳೂವರೆ ನಿಮಿಷ... ಗ್ಯಾರಂಟಿ!'

*

ಪರೀಕ್ಷೆಗೆ ಎರಡು ದಿನ ಇತ್ತು. ಮಧ್ಯಾಹ್ನ ಹೊಲಿಗೆ ಮೇಜಿನ ಮೇಲೆ ಹರಡಿದ್ದ ಬಿಳಿ ಬಟ್ಟೆಯ ಮೇಲೆ ಏನೋ ಕಂದು ಪುಡಿ ಉದುರಿತ್ತು. ಪಕ್ಕದಲ್ಲಿಟ್ಟಿದ್ದ ಪಟ್ಟಿಯಿಂದ ಬಂದಿದ್ದು. ಮೂಸಿದಳು. ಮರದ ಪುಡಿ.

ಚೀಲವೊಂದನ್ನು ಎಳೆದು ನೋಡಿದಳು. ಕಾರ್ಖಾನೆಯ ಹೊಲಿಗೆ ಅಲ್ಲ. ಯಾರೋ ಬಿಚ್ಚಿ ಮತ್ತೆ ಕೈಯಲ್ಲಿ ಹೊಲಿದಿದ್ದಾರೆ. ಅದೂ ಗೋಣಿಚೀಲದ ಬಾಯಿ ಕಟ್ಟಿದ ಹಾಗೆ, ಒಂದು ಹೊಲಿಗೆ ಮಾರುದ್ದ, ಇನ್ನೊಂದು ಗಂಟು! ಹತ್ತು ಚೀಲಗಳಲ್ಲಿ ಎಂಟು ಹೀಗೇ. ಒಳಗೆ ಚಿಟಿಕೆ ಕಬ್ಬಿಣ, ಉಳಿದದ್ದೆಲ್ಲ ಮರದ ಪುಡಿ.

ಪಟ್ಟಿ, ಚೀಲ ಎಲ್ಲ ಬಾಚಿಕೊಂಡು ಎದ್ದಳು.

ಅಂಗಡಿಗೆ ನುಗ್ಗಿ ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು.

"ಇದೇನು?"

ಅವನ ಮುಖ ಬಿಳಿಚಿಕೊಂಡಿತು. "ಮರದ ಪುಡಿ."

"ಯಾವತ್ತಿನಿಂದ?"

"ಎರಡನೇ ಸೋಮವಾರದಿಂದ."

"ಇವಳ ಕೈಲಿ ಎಲ್ಲಿ ಆಗುತ್ತೆ ಅಂತ ತಾನೇ?"

"ಖಂಡಿತ ಅಲ್ಲ!" ಅವನು ಬಗ್ಗಿ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ. ಮಂಡಿಯ ಸುತ್ತ ಉದ್ದನೆಯ ಗಾಯದ ಗುರುತು. "ನಾನೂ ಓಡ್ತಿದ್ದೆ. ಬೇಗ ಗೆಲ್ಲಬೇಕು ಅಂತ ಇದನ್ನೇ ಕಟ್ಕೊಂಡು ತಿಂಗಳುಗಟ್ಟಲೆ ಓಡಿದೆ. ಹೆಜ್ಜೆ ಹೆಜ್ಜೆಗೂ ಮಂಡಿ ಜಗ್ಗುತ್ತೆ, ಗೊತ್ತಾಗಲ್ಲ. ಗೊತ್ತಾದಾಗ ಮುಗಿದಿತ್ತು. ನೀವು ಬೇರೆ ಅಂಗಡಿಗೆ ಹೋಗಿ ಎರಡು ಕಿಲೋ ತಗೊಂಡುಬಿಡ್ತೀರಿ ಅಂತ ಭಯ ಆಯ್ತು."

ಅವಳ ಕಣ್ಣು ಆ ಗುರುತಿನ ಮೇಲೇ ನಿಂತಿತು. ಕೋಪ ಅರ್ಧ ಇಳಿಯಿತು. ಉಳಿದರ್ಧ ನೋವಾಯಿತು.

"ಇದನ್ನ ಮೊದಲ ದಿನಾನೇ ತೋರಿಸಬಹುದಿತ್ತಲ್ಲ? ನಾನೇನು ಕಲ್ಲಾ, ಕೇಳ್ತಿರಲಿಲ್ವಾ?"

"ಅವತ್ತು ತೋರಿಸೋಕೆ ನಾಚಿಕೆ ಆಯ್ತು. ಆಮೇಲೆ... ನಿಜ ಹೇಳಿದ್ರೆ ಸೋಮವಾರ ನೀವು ಬರಲ್ಲ ಅಂತ..."

"ನನ್ನ ಮಂಡಿ ಉಳಿಸಿದ್ರಿ, ಸರಿ. ಆದ್ರೆ ಒಂದು ಕಿಲೋ ಕಟ್ಕೊಂಡೂ ಓಡಬಲ್ಲೆ ಅಂತ ಒಂದು ಧೈರ್ಯ ಇಟ್ಕೊಂಡಿದ್ದೆ ನಾನು. ಅದಕ್ಕೂ ಮರದ ಪುಡಿ ತುಂಬಿಬಿಟ್ರಲ್ಲ! ನಾಡಿದ್ದು ಯಾವುದನ್ನ ನಂಬಿ ಓಡಲಿ?"

ಉತ್ತರಕ್ಕೂ ಕಾಯದೆ ಅವಳು ಹೊರನಡೆದಳು.

*

ಪರೀಕ್ಷೆಯ ಮೈದಾನ. ಇಪ್ಪತ್ತೆರಡು ಜನ ಹುಡುಗಿಯರು. ಎಲ್ಲರಿಗಿಂತ ದೊಡ್ಡವಳು ಇವಳೇ.

ಒಂದು ಸುತ್ತು ಸಲೀಸಾಗಿ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದರ ಕೊನೆಗೆ ಎದೆ ಹತ್ತಿ ಉರಿಯತೊಡಗಿತು.

'ಹತ್ತು ಸೆಕೆಂಡು... ಎಲ್ಲಿಂದ ತರಲಿ ಹತ್ತು ಸೆಕೆಂಡು?'

"ಭುಜ ಇಳಿಸಿ! ಮುಷ್ಟಿ ಬಿಡಿ!"

ಪರಿಚಿತ ದನಿ! ತಂತಿ ಬೇಲಿಯ ಆಚೆ ಅವನು. ಹರಿದ ಅದೇ ಅಂಗಿ. ನಿಂತು ಕೂಗುತ್ತಿದ್ದರೆ ಪರವಾಗಿರಲಿಲ್ಲ. ಅವನು ಅವಳ ಜೊತೆಜೊತೆಗೇ ಕುಂಟುತ್ತಾ ಓಡುತ್ತಿದ್ದ!

'ಅಯ್ಯೋ ಇವನ! ಆ ಮಂಡೀಲಿ ಓಡ್ತಿದ್ದಾನಲ್ಲ!'

"ನಿಲ್ಲ್ರೀ..." ಎಂದಳು. ಉಸಿರಿನ ಜೊತೆ ಅರ್ಧವೇ ಹೊರಬಂತು.

"ನೀವು ನಿಲ್ಲಬೇಡಿ!" ಎಂದು ಅವನು ಕಿರುಚಿದ. ಒಂದು ಕಲ್ಲು ಎಡವಿದ. ಬೇಲಿ ಹಿಡಿದು ಸಾವರಿಸಿಕೊಂಡು ಮತ್ತೆ ಓಡಿದ. ಕಾವಲುಗಾರ ಸೀಟಿ ಊದುತ್ತಾ ಅವನ ಹಿಂದೆ ಬಿದ್ದ.

ಅವಳಿಗೆ ಒಂದೇ ವಿಷಯ ಸ್ಪಷ್ಟವಾಯಿತು. ತಾನು ಮುಗಿಸುವವರೆಗೆ ಈ ಮನುಷ್ಯ ನಿಲ್ಲುವುದಿಲ್ಲ. ಇವನ ಮಂಡಿ ಉಳಿಯಬೇಕಾದರೆ ತಾನು ಬೇಗ ಮುಗಿಸಬೇಕು!

ಎಂಟು ನಿಮಿಷ, ವಯಸ್ಸು, ಮರದ ಪುಡಿ ಎಲ್ಲ ಮರೆತುಹೋಯಿತು. ಅವಳು ಓಡಿದಳು.

ಗೆರೆ ದಾಟಿ ನೆಲಕ್ಕೆ ಬಿದ್ದವಳ ಕಿವಿಗೆ ಅಧಿಕಾರಿಯ ದನಿ ಎಲ್ಲೋ ದೂರದಿಂದ ಬಂದಂತಿತ್ತು.

"ಏಳು ನಿಮಿಷ ಐವತ್ತಾರು. ಪಾಸ್."

ಅತ್ತಳೋ ನಕ್ಕಳೋ ಅವಳಿಗೇ ತಿಳಿಯಲಿಲ್ಲ. ಎದ್ದು ತೂರಾಡುತ್ತಾ ಬೇಲಿಯ ಹತ್ತಿರ ಹೋದಳು. ಅವನು ಮಣ್ಣಲ್ಲಿ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಕಾವಲುಗಾರ, ಅವನಿಗಿಂತ ಹೆಚ್ಚು ಏದುಸಿರು ಬಿಡುತ್ತಾ.

"ಮಂಡಿ ಹೇಗಿದೆ?"

"ಚೆನ್ನಾಗಿ..." ಎಂದವನು ಅವಳ ಕಣ್ಣು ನೋಡಿ ತಡೆದ. "ಇಲ್ಲ. ತುಂಬ ನೋಯ್ತಿದೆ."

ಅವಳು ಬೇಲಿಯ ಈಚೆ, ಅವನೆದುರಿಗೇ ಕೂತಳು.

"ನನ್ನ ಒಳ್ಳೇದಕ್ಕೇ ಇರಲಿ, ಇನ್ನೊಂದು ಸಲ ನನ್ನ ಬೆನ್ನ ಹಿಂದೆ ಏನಾದ್ರೂ ಮಾಡಿದ್ರೆ..."

"ಮಾಡಲ್ಲ. ತಪ್ಪಾಯ್ತು. ಏನಿದ್ರೂ ಮುಖಕ್ಕೇ ಹೇಳ್ತೀನಿ."

"ಹಾಗಾದ್ರೆ ಈಗಲೇ ಹೇಳಿ. ನಾನು ಹೇಗೆ ಓಡ್ತೀನಿ?"

"ನಿಜಾನೇ ಹೇಳಲಾ?"

"ನಿಜಾನೇ."

"ಬಸ್ ತಪ್ಪಿಸ್ಕೊಂಡವರು ಕೈ ಬೀಸ್ಕೊಂಡು ಹಿಂದೆ ಓಡ್ತಾರಲ್ಲ, ಹಾಗೆ."

ಕಾವಲುಗಾರ ಫಕ್ಕನೆ ನಕ್ಕ. ಅವಳಿಗೂ ನಗು ತಡೆಯಲಾಗಲಿಲ್ಲ.

"ಇನ್ನೂ ಏನಾದ್ರೂ ನಿಜ ಬಾಕಿ ಇದೆಯಾ?"

ಅವನು ತಲೆ ತಗ್ಗಿಸಿದ. ತಂತಿಯ ಸಂದಿನಲ್ಲಿ ಅವಳ ಬೆರಳುಗಳಿದ್ದವು. ಅವುಗಳ ಪಕ್ಕ ತನ್ನ ಬೆರಳಿಟ್ಟ.

"ನೀವು ಬಾರದೆ ಇದ್ರೆ ನನಗೆ ಅಂಗಡಿ ಬಾಗಿಲು ತೆಗೆಯೋಕೇ ಮನಸ್ಸು ಬರಲ್ಲ. ನೀವಂದ್ರೆ ನನಗೆ... ತುಂಬ ಇಷ್ಟ."

ಅವಳು ಕಣ್ಣೊರೆಸಿಕೊಂಡಳು.

"ಸರಿಯಾಗಿ ಕೇಳಿಸಲಿಲ್ಲ."

"ಕೇಳಿಸ್ತು ನಿಮಗೆ."

"ಕೇಳಿಸ್ತು," ಎಂದಳು ಅವಳು, ಅವನ ಬೆರಳು ಹಿಡಿದು. "ಇನ್ನೊಂದ್ಸಲ ಹೇಳಿ."