ಹದಿನೇಳನೇ ಬ್ಲಾಕಿನ ಕೌದಿ

"ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಹದಿನೇಳನೇ ಬ್ಲಾಕಿನ ಈಶಾನ್ಯ ಮೂಲೆಯಲ್ಲಿ ಒಂದು ಕೌದಿಯ ತುದಿ ಗೇಣುದ್ದ ಮೇಲೆದ್ದಿದೆ. ಎಬ್ಬಿಸಿದ ಮಹಾಶಯರು ಕೂಡಲೇ ಬಂದು ಹೊದಿಸತಕ್ಕದ್ದು."

ಅಣೆಕಟ್ಟಿನ ಮೈಕಿನಲ್ಲಿ ರಾನ್ ಚಿಂಗ್‌ಳ ದನಿ ಕಣಿವೆಯಿಡೀ ಮೊಳಗಿದಾಗ, ಮೌ ದಾಲಿನ್ ನೂಡಲ್ಸ್ ಅರ್ಧಕ್ಕೇ ಬಿಟ್ಟು ಓಡಿದ. ಕಾಂಕ್ರೀಟಿಗೆ ಕೌದಿ ಹೊದಿಸುವ ತಂಡದ ಮೇಸ್ತ್ರಿ ಅವನು. ಆ ಮಹಾಶಯನೂ ಅವನೇ.

ಚಿಂಗ್ ಒಂದು ಕೈಯಲ್ಲಿ ತಾಪಮಾನದ ಪುಸ್ತಕ, ಇನ್ನೊಂದರಲ್ಲಿ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದಳು.

"ಬನ್ನಿ ಮೇಸ್ತ್ರಿಗಳೇ. ಇದು ಯಾರ ಮಗು? ಕೌದಿ ಹೊದ್ದು ಮಲಗಿತ್ತು."

"ನೀನು ದಿನಾ ತಣ್ಣಗಿರೋದೇ ತಿಂತೀಯಲ್ಲ. ಬೆಚ್ಚಗಿರ್ಲಿ ಅಂತ ಇಟ್ಟೆ."

"ಊಟ ಬೆಚ್ಚಗಿದೆ. ಗೋಡೆಗೆ ಗಾಳಿ ಹೊಡೆದಿದೆ."

ಹೊಸ ಕಾಂಕ್ರೀಟು ಒಳಗೊಳಗೇ ಕುದಿಯುತ್ತದೆ. ಹೊರಮೈ ತಣ್ಣಗಾದರೆ ಬಿರಿಯುತ್ತದೆ. ಅದಕ್ಕೇ ಹೊಟ್ಟೆಗೆ ಕೊಳವೆಯಲ್ಲಿ ತಣ್ಣೀರು, ಮೈಗೆ ಕೌದಿ. ಒಳಗಿಗೂ ಹೊರಗಿಗೂ ಅಂತರ ಇಪ್ಪತ್ತು ಡಿಗ್ರಿಗಿಂತ ಕಡಿಮೆಯಾಗುವವರೆಗೆ ಅಳೆಯುವವಳಿಗೂ ರಜೆಯಿಲ್ಲ, ಹೊದಿಸುವವನಿಗೂ ಇಲ್ಲ. ಬೆಳಗ್ಗೆ ಹತ್ತೊಂಬತ್ತೂವರೆ ಇತ್ತು. ಈಗ ಇಪ್ಪತ್ತೂವರೆ.

ಎರಡು ಗಂಟೆಗೆ ಬಸ್ಸು, ಅಲ್ಲಿಂದ ರೈಲು. ಸಂಜೆ ವಾನ್‌ಝೌ ಬಂದರಿನಲ್ಲಿ ಅವಳ ಅಪ್ಪನ ಜೊತೆ ಊಟ. ಬೆಳಗಾದರೆ ಅಪ್ಪ ಸರಕು ಹಡಗು ಹತ್ತುತ್ತಾನೆ. ಮತ್ತೆ ಸಿಗುವುದು ಮೂರು ತಿಂಗಳಿಗೆ. 'ಊಟಕ್ಕೆ ಬರ್ತೀಯಾ?' ಎಂದು ಅವಳು ಕೇಳಿದ್ದಳು, ಇವನು 'ಹೂಂ' ಅಂದಿದ್ದ. ಎರಡು ವರ್ಷದಲ್ಲಿ ಇವನ ಪ್ರೇಮ ಆಡಿದ್ದು ಅದೊಂದೇ ಅಕ್ಷರ. ಮಿಕ್ಕಿದ್ದನ್ನು ರೈಲು ಸುರಂಗ ಹೊಕ್ಕಾಗ, ಕತ್ತಲಲ್ಲಿ, ಮುಖ ಕಾಣದಂತೆ ಹೇಳುವುದೆಂದು ಯೋಜನೆ ಹಾಕಿದ್ದ.

ಮೌ ಮಂಡಿಯೂರಿ ಕೌದಿಯ ಅಂಚನ್ನು ಒತ್ತಿ, ಮೇಲೆ ಮರಳುಚೀಲ ಹೇರಿದ. ಚಿಂಗ್ ಪಕ್ಕದಲ್ಲೇ ಕೂತು ಡಬ್ಬಿ ತೆರೆದಳು. ಹೊಗೆಗೆ ಕಟ್ಟಿ ಒಣಗಿಸಿದ ಹಂದಿಮಾಂಸದ ಘಮ.

"ರೈಲಲ್ಲಿ ಏನೋ ಹೇಳ್ಬೇಕು ಅಂತಿದ್ಯಲ್ಲ?"

"ನಿಂಗ್ಯಾರು ಹೇಳಿದ್ರು?"

"ವಾರದಿಂದ ಕೌದಿಗಳ ಮುಂದೆ ರಿಹರ್ಸಲ್ ಮಾಡ್ತಿದ್ದೀಯ. ನಿನ್ನ ತಂಡದವ್ರಿಗೆಲ್ಲ ಬಾಯಿಪಾಠ ಆಗಿದೆ."

ಅವನ ಕಿವಿ ಕೆಂಪಾಯಿತು. ಇಲ್ಲಿ ಸುರಂಗವಿರಲಿಲ್ಲ, ನಡುಮಧ್ಯಾಹ್ನದ ಬೆಳಕಿತ್ತು. ರಿಹರ್ಸಲ್ ಮಾಡಿದ್ದೆಲ್ಲ ಮರೆತುಹೋಗಿ, ಬಾಯಿಗೆ ಬಂದದ್ದಿಷ್ಟೇ: "ನೀನು ತಣ್ಣಗಿರೋದು ತಿನ್ನೋದನ್ನ ನಂಗೆ ನೋಡಕ್ಕಾಗಲ್ಲ, ಚಿಂಗ್. ಯಾವತ್ತೂ."

ಅವಳು ಒಂದು ತುಂಡು ಮಾಂಸ ಎತ್ತಿ ಅವನ ಬಾಯಿಗಿಟ್ಟಳು. ಆಮೇಲೆ ಬಹಳ ಹೊತ್ತು ಪುಸ್ತಕದಲ್ಲಿ ಏನನ್ನೂ ಬರೆಯದೆ, ಪುಟವನ್ನೇ ನೋಡುತ್ತ ನಕ್ಕಳು.

ಎರಡಕ್ಕೆ ಐದು ನಿಮಿಷ. ಕೆಳಗೆ ಬಸ್ಸು ಹಾರ್ನ್ ಹೊಡೆಯಿತು. ಚಿಂಗ್ ಕೊನೆಯ ಸಲ ಅಳೆದಳು. ಒಳಗೆ ಮೂವತ್ತೆರಡು ಪಾಯಿಂಟ್ ಒಂಬತ್ತು. ಹೊರಗೆ ಹನ್ನೆರಡು ಪಾಯಿಂಟ್ ಒಂಬತ್ತು.

"ಸರಿಯಾಗಿ ಇಪ್ಪತ್ತು," ಎಂದು ಮೌ ಎದ್ದುನಿಂತ. "ನಡಿ, ಓಡೋಣ."

"ನಿಯಮದಲ್ಲಿ ಇಪ್ಪತ್ತು ಅಂತಿಲ್ಲ. 'ಇಪ್ಪತ್ತಕ್ಕಿಂತ ಕಡಿಮೆ' ಅಂತಿದೆ."

"ಹತ್ತೊಂಬತ್ತು ಪಾಯಿಂಟ್ ಒಂಬತ್ತು ಅಂತ ಬರಿ."

"ಹಾಗೆ ಬರೆಯೋಳ್ನ ನೀನು ಮದುವೆ ಆಗ್ತೀಯಾ?"

ಅವನು ಕೂತ. ಬಸ್ಸು ತಿರುವು ದಾಟಿತು. ಚಿಂಗ್ ಫೋನ್ ತೆಗೆದಳು.

"ಅಪ್ಪಾ, ನನಗೆ ಹುಡುಗ ಒಪ್ಪಿಗೆ. ಗೋಡೆ ಇನ್ನೂ ಒಪ್ತಿಲ್ಲ."